ಎದೆಪಟ್ಟಿಯೂ ಬೆರಳ ತುದಿಯೂ

(ಶಾಲಾ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತು ಮಾತನಾಡುವ ಯೋಗ್ಯತೆ ನಮಗುಂಟೆಂದು ನಾವು ಎಂದೂ ಎಣಿಸಿದವರಲ್ಲ. ಕಾಸರಗೋಡು ಸೀಮೆಯ ಇದೇ ಶಾಲೆಯ ಜಗಲಿಯಲ್ಲಿ ಕುಳಿತು ಕನ್ನಡದ ಒತ್ತಕ್ಷರಗಳನ್ನು ತಿದ್ದಿದವರು ನಾವು. ಒಂಬತ್ತನೆಯ ತರಗತಿಯಲ್ಲಿ ಪ್ರಯೋಗಕ್ಕೆಂದು ಕೊಟ್ಟ ಗಾಜಿನ ನಳಿಗೆಯನ್ನು ಒಡೆದು ಗುರುಗಳಿಂದ ಗದರಿಸಿಕೊಂಡವರೂ ನಾವೇ. ಇಂದು ಮಂಗಳೂರಿನ ವ್ಯಾಯಾಮಶಾಲೆಗಳಲ್ಲಿ ಸಲಕರಣೆಗಳ ಮೇಲ್ವಿಚಾರಣೆ ಮಾಡಿಕೊಂಡು ಜೀವನ ಸಾಗಿಸುತ್ತಿದ್ದೇವೆ. ಒಡೆಯುವ ಕೈಗೆ ದುರಸ್ತಿಯ ಕೆಲಸ ದೊರೆತುದು ದೈವದ ವಿನೋದವೆಂದೇ ಹೇಳಬೇಕು.

ಕಳೆದ ವರ್ಷ ಹಳೆಯ ವಿದ್ಯಾರ್ಥಿಗಳು ಕೂಡಿಸಿಕೊಟ್ಟ ಹಣದಿಂದ ಸಂಘದವರು ಶಾಲೆಯ ಹಿಂಬದಿಯ ಕೊಠಡಿಯಲ್ಲಿ ಚಿಕ್ಕದೊಂದು ವ್ಯಾಯಾಮಶಾಲೆಯನ್ನು ತೆರೆದುದು ತಮಗೆಲ್ಲ ತಿಳಿದಿದೆ. ಹಗಲಿನಲ್ಲಿ ವಿದ್ಯಾರ್ಥಿಗಳು, ಸಂಜೆ ಪೋಷಕರು ಅದರ ಪ್ರಯೋಜನವನ್ನು ಪಡೆಯುತ್ತಿದ್ದಾರೆ. ಅಲ್ಲಿಗೆಂದು ತಂದ ಸಲಕರಣೆಗಳಲ್ಲಿ ಎದೆಗೆ ಕಟ್ಟಿಕೊಂಡು ಹೃದಯದ ಬಡಿತವನ್ನು ಎಣಿಸತಕ್ಕ ಹನ್ನೆರಡು ಪಟ್ಟಿಗಳೂ ಸೇರಿದ್ದವು. ವರ್ಷ ತುಂಬುವುದರೊಳಗೆ ಅವುಗಳಲ್ಲಿ ಏಳು 'ಕೆಟ್ಟುಹೋದವು' ಎಂಬ ಚೀಟಿಯೊಡನೆ ಕಪಾಟನ್ನು ಸೇರಿದವು. ಹೊಸವನ್ನು ಕೊಳ್ಳುವ ಮೊದಲು ಒಮ್ಮೆ ನೋಡಿಹೋಗಬೇಕೆಂದು ಕಾರ್ಯದರ್ಶಿಗಳು ಬರೆದರು. ಮೊನ್ನೆಯ ದಿನ ಬಂದು ನೋಡಿದೆವು. ನಾವು ಕಂಡದ್ದನ್ನು ಕಪಾಟಿನ ಬಳಿಯೇ ಹೇಳಿ ಹೋಗಬಹುದಾಗಿತ್ತು. ಆದರೆ ಅದರಲ್ಲಿ ಎಲ್ಲರೂ ತಿಳಿಯಬೇಕಾದ ಪಾಠವೊಂದಿದೆಯೆಂದು ಗುರುಗಳು ನಮ್ಮನ್ನು ಇಲ್ಲಿ ತಂದು ನಿಲ್ಲಿಸಿದ್ದಾರೆ.

ಮೊದಲು ಈ ಪಟ್ಟಿಯ ಕೆಲಸವೇನೆಂಬುದನ್ನು ತಿಳಿಯೋಣ. ನಮ್ಮ ಹೃದಯವು ಪ್ರತಿಯೊಂದು ಬಾರಿ ಸಂಕುಚಿಸುವಾಗಲೂ ಅದಕ್ಕೆ ಮುಂಚೆ ಅತಿ ಸೂಕ್ಷ್ಮವಾದ ವಿದ್ಯುತ್ತಿನ ಅಲೆಯೊಂದು ಅದರ ಮಾಂಸಖಂಡಗಳಲ್ಲಿ ಹರಿಯುತ್ತದೆ. ಆ ಅಲೆಯ ಕುರುಹು ಚರ್ಮದ ಮೇಲೂ ದೊರೆಯುತ್ತದೆ. ಆದರೆ ಅದರ ಪ್ರಮಾಣ ಒಂದು ಮಿಲಿವೋಲ್ಟಿನ ಆಸುಪಾಸು ಮಾತ್ರ. ಪಟ್ಟಿಯೊಳಗಿನ ನಾಣ್ಯದಾಕಾರದ ಬ್ಯಾಟರಿಯ ಬಲ ೩ ವೋಲ್ಟು. ಎಂದರೆ ಹೃದಯದ ಈ ಪಿಸುಮಾತು ಆ ಪುಟ್ಟ ಬ್ಯಾಟರಿಯ ಮೂರು ಸಾವಿರದಲ್ಲಿ ಒಂದು ಪಾಲು. ಜಾತ್ರೆಯ ಗದ್ದಲದಲ್ಲಿ ಮಗುವೊಂದು ಪಿಸುಗುಟ್ಟಿದುದನ್ನು ಕೇಳಿಸಿಕೊಂಡಂತೆ ಈ ಪಟ್ಟಿ ಅದನ್ನು ಕೇಳಿಸಿಕೊಳ್ಳಬೇಕು.

ಈ ಪಿಸುಮಾತನ್ನು ಚೆನ್ನಾಗಿ ಬರೆದು ತೋರಿಸಿದ ಕೀರ್ತಿ ಹಾಲೆಂಡ್ ದೇಶದ ಲೈಡನ್ ನಗರದ ಪ್ರಾಧ್ಯಾಪಕ ವಿಲ್ಲೆಮ್ ಐಂತೊವೆನ್ನರದು. ೨೦ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅವರು ರಚಿಸಿದ ಯಂತ್ರ ಸುಮಾರು ೨೭೦ ಕಿಲೋಗ್ರಾಂ ತೂಗುತ್ತಿತ್ತು. ಅದನ್ನು ನಡೆಸಲು ಐವರು ಬೇಕಾಗುತ್ತಿದ್ದರು. ಪರೀಕ್ಷೆಗೆ ಬಂದವನು ಎರಡು ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರುತ್ತಿದ್ದನು. ಒಣಗಿದ ಚರ್ಮ ವಿದ್ಯುತ್ತನ್ನು ಸುಲಭವಾಗಿ ಹಾಯಗೊಡುವುದಿಲ್ಲ, ಉಪ್ಪುನೀರು ಹಾಯಗೊಡುತ್ತದೆ. ಈ ಸಾಧನೆಗಾಗಿ ಐಂತೊವೆನ್ನರಿಗೆ ೧೯೨೪ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮಕ್ಕಳೇ, ಈ ಉಪ್ಪುನೀರಿನ ಪಾತ್ರೆಗಳನ್ನು ಮರೆಯಬೇಡಿರಿ. ನಮ್ಮ ಕಪಾಟಿನ ಏಳು ಪಟ್ಟಿಗಳ ಕಥೆಗೂ ಅವುಗಳಿಗೂ ನೇರವಾದ ನಂಟಿದೆ.

ಅಷ್ಟು ಭಾರದ ಯಂತ್ರದ ಒಂದಂಶದ ಕೆಲಸವನ್ನು ಎದೆಯ ಮೇಲೆ ಕಟ್ಟಿಕೊಂಡು ಓಡುವಂತಾದುದು ಬಹಳ ವರ್ಷಗಳ ಬಳಿಕ. ಫಿನ್ಲೆಂಡ್ ದೇಶದ ಔಲು ನಗರದ ಬಳಿ ೧೯೭೭ರಲ್ಲಿ ಆರಂಭವಾದ ಪೋಲಾರ್ ಎಂಬ ಸಂಸ್ಥೆ, ಹಿಮದ ಮೇಲೆ ಜಾರುವ ಕ್ರೀಡಾಳುಗಳ ತರಬೇತಿಗೆ ಒದಗುವಂತೆ, ೧೯೮೨ರಲ್ಲಿ ತಂತಿಯಿಲ್ಲದೆ ಬಡಿತವನ್ನು ತಿಳಿಸುವ ಉಪಕರಣವನ್ನು ಹೊರತಂದಿತು. ಇಂದು ಹಲವು ಸಂಸ್ಥೆಗಳು ಇಂತಹವುಗಳನ್ನು ತಯಾರಿಸುತ್ತಿವೆ. ವ್ಯಾಯಾಮಶಾಲೆಗಳಲ್ಲಿ ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಪಟ್ಟಿ ಕಟ್ಟಿಕೊಂಡು, ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ತಮ್ಮ ತಮ್ಮ ಹೆಸರಿನ ಮುಂದೆ ಬಡಿತದ ಸಂಖ್ಯೆಯನ್ನು ನೋಡಿಕೊಳ್ಳುತ್ತ ವ್ಯಾಯಾಮ ಮಾಡುತ್ತಾರೆ.

ಈ ಸಂಖ್ಯೆ ಎದೆಯಿಂದ ಪರದೆಗೆ ಬರಬೇಕಾದರೆ ಐದು ಕೊಂಡಿಗಳನ್ನು ದಾಟಬೇಕು. ಮೊದಲನೆಯದು ಚರ್ಮ. ಎರಡನೆಯದು ಪಟ್ಟಿ, ಅದರ ಒಳಮೈಯಲ್ಲಿ ವಿದ್ಯುತ್ತನ್ನು ಹಾಯಗೊಡುವ ಎರಡು ನುಣುಪಾದ ತೇಪೆಗಳಿರುತ್ತವೆ. ಮೂರನೆಯದು ಎರಡು ಪ್ರೆಸ್ ಬಟನ್ನುಗಳಿಂದ ಪಟ್ಟಿಗೆ ಕೂರುವ ಪುಟ್ಟ ಡಬ್ಬಿ. ಸಂದೇಶವನ್ನು ಕಳುಹುವುದು ಇದರ ಕೆಲಸವಾದುದರಿಂದ ಇದನ್ನು 'ಪ್ರೇಷಕ'ವೆಂದು ಕರೆಯೋಣ. ನಾಲ್ಕನೆಯದು ಅಂತರಾಳದಲ್ಲಿ ಸಾಗುವ ರೇಡಿಯೋ ಅಲೆ. ಐದನೆಯದು ಆ ಅಲೆಯನ್ನು ಹಿಡಿದು ತೋರಿಸುವ ಮೊಬೈಲು, ಕೈಗಡಿಯಾರ ಅಥವಾ ಪರದೆ. ಸಂಖ್ಯೆ ಬಾರದಿದ್ದರೆ, ಅಥವಾ ಬಂದ ಸಂಖ್ಯೆ ಅಸಂಬದ್ಧವಾಗಿದ್ದರೆ, ಈ ಐದರಲ್ಲಿ ಯಾವುದೋ ಒಂದು ಕೊಂಡಿ ಸಡಿಲಿದೆಯೆಂದೇ ಅರ್ಥ. ಒಂದೊಂದನ್ನಾಗಿ ಕ್ರಮದಿಂದ ಪರೀಕ್ಷಿಸಿದರೆ ತಪ್ಪು ಸಿಕ್ಕಿಯೇ ಸಿಕ್ಕುತ್ತದೆ. ಎಲ್ಲವನ್ನೂ ಒಮ್ಮೆಗೇ ಬದಲಿಸಿದವನಿಗೆ ಉಪಕರಣ ಸರಿಹೋದರೂ ಏಕೆ ಸರಿಹೋಯಿತೆಂಬುದು ತಿಳಿಯುವುದಿಲ್ಲ. ಮರುದಿನ ಅದೇ ತೊಡಕು ಮತ್ತೆ ಎದುರಾಗುತ್ತದೆ.

ಚರ್ಮದಿಂದ ಪ್ರಾರಂಭಿಸೋಣ. ಪಟ್ಟಿಯನ್ನು ಕಟ್ಟುವ ಮುನ್ನ ಒಳಮೈಯ ಎರಡು ತೇಪೆಗಳನ್ನೂ ನೀರಿನಿಂದ ಚೆನ್ನಾಗಿ ತೋಯಿಸಬೇಕು. ಐಂತೊವೆನ್ನರ ಉಪ್ಪುನೀರಿನ ಪಾತ್ರೆಯ ಕೆಲಸವನ್ನೇ ಇಲ್ಲಿ ಈ ನಾಲ್ಕು ಹನಿ ನೀರು ಮಾಡುತ್ತದೆ. ಹಾಗೆ ಮಾಡದೆ ಒಣಪಟ್ಟಿಯನ್ನು ಕಟ್ಟಿಕೊಂಡವರಿಗೆ ಮೊದಲ ಐದು ಹತ್ತು ನಿಮಿಷ ಸಂಖ್ಯೆಯೇ ಬಾರದು, ಅಥವಾ ಹುಚ್ಚುಹುಚ್ಚಾಗಿ ಕುಣಿಯುವುದು; ಬೆವರು ಬಂದ ಮೇಲೆ ತಾನಾಗಿಯೇ ಸರಿಹೋಗುವುದು. ಬೆವರೂ ಉಪ್ಪುನೀರೇ ಅಲ್ಲವೇ? ಒಣಹವೆಯಲ್ಲಿ ನೈಲಾನು, ಪಾಲಿಯೆಸ್ಟರು ಮೊದಲಾದ ಬಟ್ಟೆಗಳು ಪಟ್ಟಿಯ ಮೇಲೆ ಉಜ್ಜಿ ಹುಟ್ಟುವ ಸ್ಥಿರವಿದ್ಯುತ್ತೂ ಹೀಗೆಯೇ ಇಲ್ಲದ ಬಡಿತಗಳನ್ನು ಎಣಿಸುವಂತೆ ಮಾಡುತ್ತದೆ. ಆಗ ಪಟ್ಟಿಯನ್ನು ಮತ್ತೆ ತೋಯಿಸುವುದು, ಹತ್ತಿಯ ಅಂಗಿ ತೊಡುವುದು, ಇವೇ ಪರಿಹಾರ.

ನಮ್ಮ ಸೀಮೆಯವರಿಗೆ ಇನ್ನೊಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ನಾವು ತೆಂಗಿನೆಣ್ಣೆಯ ಊರಿನವರು. ಎಣ್ಣೆ ಹಚ್ಚಿ ಮಿಂದವನ ಮೈಯಲ್ಲಿ ತೆಳುವಾದ ಪೊರೆಯೊಂದು ಉಳಿದಿರುತ್ತದೆ. ಎಣ್ಣೆ ವಿದ್ಯುತ್ತಿಗೆ ಅಡ್ಡಗೋಡೆ. ಮುಲಾಮು, ಸುಗಂಧದ ಲೇಪಗಳೂ ಹಾಗೆಯೇ. ಪಟ್ಟಿ ತಾಗುವ ಕಡೆ ಚರ್ಮವನ್ನು ಸಾಬೂನಿನಿಂದ ತೊಳೆದಿರಬೇಕು. ಪಟ್ಟಿಯು ಎದೆಯ ಸ್ನಾಯುಗಳ ಕೆಳಗಂಚಿನಲ್ಲಿ, ಪ್ರೇಷಕ ನಡುವೆ ಬರುವಂತೆ, ಅದರ ಮೇಲಿನ ಬರಹ ನೇರವಾಗಿರುವಂತೆ ಕೂರಬೇಕು. ಜಾರದಷ್ಟು ಬಿಗಿಯಿರಲಿ, ಉಸಿರು ಕಟ್ಟುವಷ್ಟು ಬೇಡ.

ಎರಡನೆಯ ಮತ್ತು ಮೂರನೆಯ ಕೊಂಡಿಗಳಲ್ಲಿ ಯಾವುದು ತಪ್ಪಿತೆಂಬುದನ್ನು ತಿಳಿಯುವ ಉಪಾಯ ಬಹಳ ಸುಲಭ. ಸರಿಯಿರುವ ಪಟ್ಟಿಯೊಂದನ್ನು ತೆಗೆದುಕೊಂಡು, ಅನುಮಾನವಿರುವ ಪ್ರೇಷಕವನ್ನು ಅದಕ್ಕೆ ಕೂರಿಸಿರಿ. ಸಂಖ್ಯೆ ಸರಿಯಾಗಿ ಬಂದರೆ ಪ್ರೇಷಕ ನಿರ್ದೋಷಿ, ಹಳೆಯ ಪಟ್ಟಿಯೇ ದೋಷಿ. ಬಾರದಿದ್ದರೆ ಪ್ರೇಷಕದ ಬ್ಯಾಟರಿಯನ್ನು ನೋಡಬೇಕು. ಬ್ಯಾಟರಿಯ ಮೇಲೆ ೨೦೨೫ ಅಥವಾ ೨೦೩೨ ಎಂಬ ಅಂಕಿ ಇರುತ್ತದೆ. ಇವು ಬೆಲೆಯೂ ಅಲ್ಲ, ಇಸವಿಯೂ ಅಲ್ಲ. ಮೊದಲ ಎರಡು ಅಂಕಿಗಳು ೨೦ ಮಿಲಿಮೀಟರಿನ ಅಗಲವನ್ನೂ, ಕೊನೆಯ ಎರಡು ದಪ್ಪವನ್ನೂ ಹೇಳುತ್ತವೆ, ಒಂದು ೨.೫ ಮಿಲಿಮೀಟರು, ಇನ್ನೊಂದು ೩.೨ ಮಿಲಿಮೀಟರು. ಅಗಲ ಒಂದೇ ಆದುದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವವರುಂಟು. ತೆಳುವಾದುದು ತಾಗುವುದಿಲ್ಲ, ದಪ್ಪವಾದುದರ ಮೇಲೆ ಮುಚ್ಚಳ ಕೂರುವುದಿಲ್ಲ. ಹಳೆಯದನ್ನು ತೆಗೆದು ಅರೆನಿಮಿಷ ಬಿಟ್ಟು, ಧನ ಚಿಹ್ನೆಯ ಮುಖವನ್ನು ಸರಿಯಾಗಿ ನೋಡಿ ಹೊಸದನ್ನು ಇಡಬೇಕು. ಮುಚ್ಚಳದ ಅಂಚಿನ ರಬ್ಬರಿನ ಬಳೆ ತನ್ನ ಸ್ಥಾನದಲ್ಲಿ ಕೂತಿದೆಯೇ ಎಂದು ನೋಡದಿದ್ದರೆ ಬೆವರು ಒಳಗೆ ಹೊಕ್ಕು ಯಂತ್ರ ಹಾಳಾಗುತ್ತದೆ.

ತಾಯಂದಿರೇ, ಇಲ್ಲಿ ಒಂದು ಕ್ಷಣ ನಿಂತು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ತೆಗೆದ ಹಳೆಯ ಬ್ಯಾಟರಿಯನ್ನು ಕಿಟಕಿಯ ಮೇಲೋ ಮೇಜಿನ ಮೇಲೋ ಇಡಬೇಡಿರಿ. ಪುಟ್ಟ ಮಕ್ಕಳು ಹೊಳೆಯುವುದನ್ನು ಕಂಡರೆ ಬಾಯಿಗೆ ಹಾಕುತ್ತವೆ. ಇಷ್ಟಗಲದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಗಳೊಳಗೆ ಅಲ್ಲಿನ ಮಾಂಸವನ್ನು ಸುಡಬಲ್ಲದು. ಬಲಗುಂದಿದ ಬ್ಯಾಟರಿಯೂ ಈ ಅಪಾಯಕ್ಕೆ ಹೊರತಲ್ಲ. ನುಂಗಿದ ಅನುಮಾನ ಬಂದರೆ ಸಾಕು, ಮನೆಮದ್ದಿಗೆ ಕೈಹಾಕದೆ, ವಾಂತಿ ಮಾಡಿಸದೆ, ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.

ನಾಲ್ಕನೆಯ ಮತ್ತು ಐದನೆಯ ಕೊಂಡಿಗಳ ತೊಡಕು ಹೆಚ್ಚಾಗಿ ಜನ ಸೇರಿದ ವ್ಯಾಯಾಮಶಾಲೆಗಳಲ್ಲಿಯೇ ಕಾಣುವುದು. ಹಳೆಯ ಕಾಲದ ಪಟ್ಟಿಗಳು ೫ ಕಿಲೋಹರ್ಟ್ಸ್ ಅಲೆಯನ್ನು ಬಳಸುತ್ತಿದ್ದುವು. ಅವುಗಳಲ್ಲಿ ಸಂಕೇತದ ಗುರುತಿಲ್ಲದವು ಒಂದರ ಬಳಿ ಒಂದು ಬಂದರೆ ಒಬ್ಬರ ಬಡಿತ ಇನ್ನೊಬ್ಬರ ಗಡಿಯಾರದಲ್ಲಿ ಮೂಡುತ್ತಿತ್ತು. ಟ್ರೆಡ್‌ಮಿಲ್ಲಿನ ಮೋಟಾರು ಸಹ ಅವುಗಳನ್ನು ಗೊಂದಲಕ್ಕೀಡುಮಾಡುತ್ತಿತ್ತು. ಈಗಿನವು ಬ್ಲೂಟೂತ್ ಅಥವಾ ಆಂಟ್ ಪ್ಲಸ್ ಎಂಬ ಪದ್ಧತಿಗಳಲ್ಲಿ ೨.೪ ಗಿಗಾಹರ್ಟ್ಸ್ ಅಲೆಯನ್ನು ಬಳಸುತ್ತವೆ. ಪ್ರತಿಯೊಂದು ಪ್ರೇಷಕಕ್ಕೂ ತನ್ನದೇ ಆದ ಅಂಕಿಯುಂಟು. ಆಂಟ್ ಪ್ಲಸ್ ಎಂಬುದು ಸಾರ್ವಜನಿಕ ಭಾಷಣದಂತೆ; ಎಷ್ಟು ಯಂತ್ರಗಳು ಬೇಕಾದರೂ ಒಟ್ಟಿಗೆ ಕೇಳಬಹುದು. ಬ್ಲೂಟೂತ್ ಹಾಗಲ್ಲ, ಅದು ಇಬ್ಬರ ನಡುವಣ ಸಂಭಾಷಣೆ. ಅನೇಕ ಪ್ರೇಷಕಗಳು ಒಂದು ಸಲಕ್ಕೆ ಒಂದೇ ಯಂತ್ರದೊಡನೆ ಮಾತನಾಡಬಲ್ಲವು. ಬೆಳಿಗ್ಗೆ ನಿಮ್ಮ ಮೊಬೈಲಿಗೆ ಜೋಡಿಸಿದ ಪಟ್ಟಿಯನ್ನು ಸಂಜೆ ಪರದೆಗೆ ಜೋಡಿಸಲು ಹೋದರೆ, ಜೇಬಿನಲ್ಲಿರುವ ಮೊಬೈಲು ಮೊದಲೇ ಅದನ್ನು ಹಿಡಿದುಕೊಂಡಿರುತ್ತದೆ. ಮೊಬೈಲಿನ ಬ್ಲೂಟೂತನ್ನು ಮುಚ್ಚಿದರೆ ಪಟ್ಟಿ ತಾನಾಗಿಯೇ ಪರದೆಗೆ ಸಿಕ್ಕುತ್ತದೆ. ಇನ್ನು, ಈ ಅಲೆಯನ್ನು ನೀರು ಹೀರಿಕೊಳ್ಳುತ್ತದೆ; ನಮ್ಮ ದೇಹದ ಬಹುಪಾಲು ನೀರೇ ಆದುದರಿಂದ ಮೊಬೈಲನ್ನು ಬೆನ್ನಹಿಂದಣ ಜೇಬಿನಲ್ಲಿಟ್ಟವರಿಗೆ ಸಂಖ್ಯೆ ಆಗಾಗ ಕಡಿದುಹೋಗುವುದು ಸಹಜ.

ಈಗ ಕಪಾಟಿನ ಏಳು ಪಟ್ಟಿಗಳಿಗೆ ಬರೋಣ. ಮೂರರಲ್ಲಿ ತೇಪೆಗಳ ಮೇಲೆ ಬೆವರಿನ ಉಪ್ಪೂ ಎಣ್ಣೆಯೂ ಕೂಡಿ ಬಿಳಿಯ ಹೆಪ್ಪು ಕಟ್ಟಿತ್ತು. ಉಗುರು ಬೆಚ್ಚಗಿನ ನೀರಿನಲ್ಲಿ ಸೌಮ್ಯವಾದ ಸಾಬೂನು ಬೆರೆಸಿ ತೊಳೆದು ನೆರಳಲ್ಲಿ ಒಣಗಿಸಿದೆವು. ಮೂರೂ ಎದ್ದು ಕುಳಿತವು. ಎರಡರಲ್ಲಿ ಬ್ಯಾಟರಿ ಬರಿದಾಗಿತ್ತು. ವ್ಯಾಯಾಮ ಮುಗಿದ ಮೇಲೆ ಪ್ರೇಷಕವನ್ನು ಬಿಚ್ಚದೆ ಒದ್ದೆಪಟ್ಟಿಯೊಡನೆ ಮಡಚಿಟ್ಟುದೇ ಅದಕ್ಕೆ ಕಾರಣ. ಒದ್ದೆಯಾದ ತೇಪೆಗಳು ಪ್ರೇಷಕಕ್ಕೆ ಮನುಷ್ಯನ ಎದೆಯಂತೆಯೇ ತೋರುವುದರಿಂದ ಅದು ಕತ್ತಲ ಕಪಾಟಿನಲ್ಲಿಯೂ ಎಚ್ಚರವಾಗಿದ್ದು, ಇಲ್ಲದ ಹೃದಯವನ್ನು ಹುಡುಕುತ್ತ ತನ್ನ ಬ್ಯಾಟರಿಯನ್ನು ಕಳೆದುಕೊಂಡಿತು. ಒಂದಕ್ಕೆ ಯಾವ ರೋಗವೂ ಇರಲಿಲ್ಲ. ಅದು ನಮ್ಮ ಅಧ್ಯಾಪಕರೊಬ್ಬರ ಮೊಬೈಲಿಗೆ ಅಂಟಿಕೊಂಡಿತ್ತು, ಅಷ್ಟೆ. ಉಳಿದ ಒಂದು ಪಟ್ಟಿ ಮಾತ್ರ ನಿಜವಾಗಿ ಕೆಟ್ಟಿತ್ತು. ಯಾರೋ ಅತಿ ಕಾಳಜಿಯಿಂದ ಅದನ್ನು ಹಿಂಡಿ, ಅಂಗಳದ ಉರಿಬಿಸಿಲಿನಲ್ಲಿ ದಿನವೂ ಹರವಿದ್ದರು, ತೇಪೆ ಬಿರುಕುಬಿಟ್ಟಿತ್ತು. ಅದರ ಪ್ರೇಷಕವೋ ಈಗಲೂ ಚೆನ್ನಾಗಿದೆ. ಬೇರೆಯೊಂದು ಪಟ್ಟಿಯನ್ನು ತರಿಸಿದರೆ ಸಾಕು. ಏಳು ಉಪಕರಣಗಳ ಬೆಲೆಯನ್ನು ತೆರಬೇಕಾಗಿದ್ದ ಸಂಘ ಎರಡು ಬ್ಯಾಟರಿ, ಒಂದು ಪಟ್ಟಿಯ ಬೆಲೆಯನ್ನು ತೆತ್ತರಾಯಿತು. ಆ ಉಳಿದ ಹಣ ಪರವೂರುಗಳಲ್ಲಿ ದುಡಿಯುತ್ತಿರುವ ನಮ್ಮ ಶಾಲೆಯ ಮಕ್ಕಳು ತಮ್ಮ ಗಳಿಕೆಯಿಂದ ಕಳುಹಿಸಿದ್ದು ಎಂಬುದನ್ನು ನೆನೆಯಬೇಕು.

ಆದುದರಿಂದ ಪಾಲನೆಯ ನಿಯಮಗಳು ಇಷ್ಟೇ. ಉಪಯೋಗವಾದೊಡನೆ ಪ್ರೇಷಕವನ್ನು ಬಿಚ್ಚಿ, ಒದ್ದೆಬಟ್ಟೆಯಿಂದ ಒರೆಸಿ, ಬಳಿಕ ಒಣಬಟ್ಟೆಯಿಂದ ಒರೆಸಿ ಬೇರೆಯಾಗಿ ಇಡುವುದು. ಪಟ್ಟಿಯನ್ನು ಪ್ರತಿಸಲವೂ ಬರಿಯ ನೀರಿನಲ್ಲಿ ಜಾಲಿಸುವುದು; ವಾರಕ್ಕೊಮ್ಮೆ ಸೌಮ್ಯ ಸಾಬೂನಿನಿಂದ ಕೈಯಲ್ಲೇ ತೊಳೆಯುವುದು. ಹಿಂಡಕೂಡದು, ಇಸ್ತ್ರಿ ಮಾಡಕೂಡದು, ಬ್ಲೀಚಿಂಗ್ ಪುಡಿ, ಸ್ಪಿರಿಟ್ಟು, ಬಟ್ಟೆಯನ್ನು ಮೆದುಗೊಳಿಸುವ ದ್ರವ ಇವನ್ನು ತಾಗಿಸಕೂಡದು. ನೆರಳಿನಲ್ಲಿ, ಗಾಳಿಯಾಡುವ ಕಡೆ ಹರವಿ ಒಣಗಿಸಬೇಕು. ನಮ್ಮ ಮಳೆಗಾಲದಲ್ಲಿ ಕಪಾಟಿನೊಳಗೂ ಬೂಷ್ಟು ಬರುವುದು ಎಲ್ಲರಿಗೂ ಗೊತ್ತು. ಒದ್ದೆಪಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಪ್ರೆಸ್ ಬಟನ್ನುಗಳಿಗೆ ತುಕ್ಕು ಹಿಡಿದು ಕೊಂಡಿಯೇ ಕಳಚುತ್ತದೆ. ಆಟ ಮುಗಿದ ಮೇಲೆ ಎಷ್ಟೇ ನಿದ್ದೆ ಎಳೆಯಲಿ, ಮದ್ದಳೆಯನ್ನು ತೇವದ ನೆಲದ ಮೇಲೆ ಇಟ್ಟುಹೋಗುವ ಭಾಗವತಿಕೆಯ ಮೇಳವನ್ನು ಯಾರಾದರೂ ಕಂಡಿದ್ದೀರಾ? ಅದೇ ಶ್ರದ್ಧೆ ಇದಕ್ಕೂ ಸಾಕು. ಪಟ್ಟಿಗಳು ಹಲವರ ಮೈಮೇಲೆ ಏರುವಂಥವಾದುದರಿಂದ ಈ ತೊಳೆಯುವಿಕೆ ಆರೋಗ್ಯದ ವಿಷಯವೂ ಹೌದು. ಚರ್ಮರೋಗವಿದ್ದವರಿಗೆ ಪ್ರತ್ಯೇಕ ಪಟ್ಟಿಯಿರಲಿ.

ಇಷ್ಟಕ್ಕೇ ನಮ್ಮ ಮಾತನ್ನು ಮುಗಿಸಬಹುದಾಗಿತ್ತು. ಆದರೆ ಇಲ್ಲಿ ನಡೆದ ಒಂದು ಸಂಗತಿಯನ್ನೂ, ನಮ್ಮ ಕೈಯಲ್ಲೇ ನಡೆದ ಇನ್ನೊಂದು ಸಂಗತಿಯನ್ನೂ ಹೇಳದೆ ಹೋದರೆ ಹೇಳಬೇಕಾದುದನ್ನು ಬಚ್ಚಿಟ್ಟಂತಾಗುವುದು.

ಮೊದಲನೆಯದು ನಮ್ಮ ಶಾಲೆಯ ಒಬ್ಬ ಬಾಲಿಕೆಯ ವಿಷಯ. ಅವಳ ಮತ್ತು ಅವಳ ತಾಯಿಯ ಒಪ್ಪಿಗೆ ಪಡೆದು ಹೇಳುತ್ತಿದ್ದೇವೆ. ಓಟದ ಅಭ್ಯಾಸದ ಮೊದಲ ನಿಮಿಷದಲ್ಲಿಯೇ ಪರದೆಯ ಮೇಲೆ ಅವಳ ಹೆಸರಿನ ಮುಂದೆ ೨೨೮ ಎಂದು ಮೂಡಿತು. ಅವಳನ್ನು ಕೂಡಲೇ ನಿಲ್ಲಿಸಿ ಕುಳ್ಳಿರಿಸಿದರು. ನಿಲ್ಲಿಸಿದ್ದು ಸರಿಯೇ, ಅನುಮಾನವಿದ್ದಾಗ ನಿಲ್ಲಿಸುವುದೇ ಧರ್ಮ. ಆದರೆ ಅವಳ ಮಣಿಕಟ್ಟಿನ ಮೇಲೆ ಯಾರೂ ಬೆರಳಿಟ್ಟು ನೋಡಲಿಲ್ಲ. ಹೃದಯದಲ್ಲಿ ಏನೋ ದೋಷವಿದೆಯೆಂಬ ಮಾತು ಹಬ್ಬಿ, ಆ ತಾಯಿ ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ. ವೈದ್ಯರು ಪರೀಕ್ಷಿಸಿ ಎಲ್ಲವೂ ಸರಿಯಾಗಿದೆಯೆಂದರು. ಅಂದು ಅವಳು ಕಟ್ಟಿದ್ದ ಪಟ್ಟಿ ಬಿಳಿಯ ಹೆಪ್ಪುಗಟ್ಟಿದ್ದ ಆ ಮೂರರಲ್ಲಿ ಒಂದು; ಒಣಗಿಯೂ ಇತ್ತು, ಸಡಿಲವೂ ಇತ್ತು. ತೊಳೆಯದ ಒಂದು ಪಟ್ಟಿ ಒಂದು ಮನೆಯ ನೆಮ್ಮದಿಯನ್ನು ಕದಡಿತು.

ಎರಡನೆಯ ಸಂಗತಿಯಲ್ಲಿ ತಪ್ಪು ನಮ್ಮದು. ಕೆಲವು ವರ್ಷಗಳ ಹಿಂದೆ ನಾವು ದುಡಿಯುತ್ತಿದ್ದ ವ್ಯಾಯಾಮಶಾಲೆಗೆ ಐವತ್ತು ದಾಟಿದ ಗೃಹಸ್ಥರೊಬ್ಬರು ಬರುತ್ತಿದ್ದರು. ಅವರ ಸಂಖ್ಯೆ ಒಮ್ಮೆ ೯೦, ಮರುಕ್ಷಣ ೧೬೦, ಮತ್ತೆ ೧೧೦ ಎಂದು ಹಾರಾಡುತ್ತಿತ್ತು. "ನಿಮ್ಮ ಪಟ್ಟಿ ಸರಿಯಿಲ್ಲ, ಸಾರ್" ಎಂದೆವು. ತೋಯಿಸಿದೆವು, ಬ್ಯಾಟರಿ ಬದಲಿಸಿದೆವು, ಮೊಬೈಲನ್ನು ದೂರವಿರಿಸಿದೆವು. ಹೀಗೆ ಮೂರು ವಾರ ಕಳೆದವು. ಅವರಿಗೋ ಈಚೆಗೆ ಮೆಟ್ಟಿಲು ಹತ್ತುವಾಗ ಆಯಾಸವಾಗುತ್ತಿತ್ತಂತೆ. ಅದನ್ನು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಕೊನೆಗೊಂದು ದಿನ ನಾವೇ ಕಟ್ಟಿ ನೋಡಿ ಸರಿಯೆಂದು ತಿಳಿದಿದ್ದ ಪಟ್ಟಿಯನ್ನು ಅವರಿಗೆ ಕಟ್ಟಿದೆವು. ಸಂಖ್ಯೆ ಅದೇ ರೀತಿ ಹಾರಾಡಿತು. ಆಗ ನಮಗೆ ನಾಚಿಕೆಯಾಯಿತು; ಭಯವೂ ಆಯಿತು. ಮಣಿಕಟ್ಟಿನ ಮೇಲೆ ಬೆರಳಿಟ್ಟೆವು. ಬಡಿತ ಲಯತಪ್ಪಿ, ತಾಳವಿಲ್ಲದವನು ಬಾರಿಸಿದಂತೆ ತೋರಿತು. ಅಂದೇ ಅವರನ್ನು ವೈದ್ಯರಲ್ಲಿಗೆ ಕರೆದೊಯ್ದೆವು. ಹೃದಯದ ಮೇಲಿನ ಕೋಣೆಗಳು ಕ್ರಮತಪ್ಪಿ ಕಂಪಿಸುವ ಏಟ್ರಿಯಲ್ ಫಿಬ್ರಿಲೇಶನ್ ಎಂಬ ವಿಕಾರವೆಂದೂ, ಉಪೇಕ್ಷಿಸಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಪಾರ್ಶ್ವವಾಯುವಾಗುವ ಸಂಭವವುಂಟೆಂದೂ ಅವರು ತಿಳಿಸಿದರು. ಚಿಕಿತ್ಸೆ ದೊರೆಯಿತು, ಅವರು ಇಂದು ಸುಖವಾಗಿದ್ದಾರೆ. ಆದರೆ ಆ ಮೂರು ವಾರಗಳಲ್ಲಿ ಏನಾದರೂ ಆಗಿದ್ದರೆ? ಈ ಪ್ರಶ್ನೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಮೊದಲ ದಿನವೇ ಪಟ್ಟಿಯನ್ನು ಬದಲಿಸಿ ನೋಡಬೇಕಾಗಿತ್ತು. ಅದಕ್ಕೂ ಮೊದಲು ಬೆರಳಿಡಬೇಕಾಗಿತ್ತು.

ಒಂದು ಕಡೆ ಪಟ್ಟಿ ಸುಳ್ಳು ಹೇಳಿತು, ಜನ ನಂಬಿದರು. ಇನ್ನೊಂದು ಕಡೆ ಪಟ್ಟಿ ನಿಜ ಹೇಳಿತು, ನಾವು ನಂಬಲಿಲ್ಲ. ಎರಡು ಕಡೆಗಳಲ್ಲಿಯೂ ಇದ್ದ ಕೊರತೆ ಒಂದೇ: ಕಾಸು ಖರ್ಚಿಲ್ಲದ ಬೆರಳಿನ ಸಾಕ್ಷ್ಯವನ್ನು ಯಾರೂ ಕೇಳಲಿಲ್ಲ. ಆ ವಿದ್ಯೆಯನ್ನು ಈಗಲೇ ಕಲಿಯೋಣ. ಎಲ್ಲರೂ ಎಡ ಅಂಗೈಯನ್ನು ಮೇಲ್ಮುಖವಾಗಿ ಹಿಡಿಯಿರಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಹೊರ ಅಂಚಿನ ತಗ್ಗಿನಲ್ಲಿ ಬಲಗೈಯ ತೋರುಬೆರಳು, ನಡುಬೆರಳು, ಉಂಗುರಬೆರಳುಗಳನ್ನು ಮೆಲ್ಲನೆ ಇಡಿರಿ. ಹೆಬ್ಬೆರಳನ್ನು ಉಪಯೋಗಿಸಬೇಡಿರಿ, ಅದಕ್ಕೆ ತನ್ನದೇ ಮಿಡಿತವಿದೆ. ಸಿಕ್ಕಿತೇ? ಗುರುಗಳು ಗಡಿಯಾರ ನೋಡುತ್ತಾರೆ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿರಿ. ಸುಮ್ಮನೆ ಕುಳಿತ ದೊಡ್ಡವರಲ್ಲಿ ಇದು ಸಾಮಾನ್ಯವಾಗಿ ೬೦ರಿಂದ ೧೦೦ರೊಳಗಿರುತ್ತದೆ. ಮಕ್ಕಳಲ್ಲಿ ಕೊಂಚ ಹೆಚ್ಚು. ವ್ಯಾಯಾಮ ನಿಲ್ಲಿಸಿದೊಡನೆ ಬಡಿತ ಬೇಗ ಇಳಿಯುವುದರಿಂದ ಆಗ ೧೫ ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಳ್ಳೆಯದು. ಪಟ್ಟಿಯ ಸಂಖ್ಯೆಗೂ ಇದಕ್ಕೂ ನಾಲ್ಕೈದರ ಅಂತರವಿದ್ದರೆ ಚಿಂತೆಯಿಲ್ಲ. ಪರದೆ ೨೨೮ ಎನ್ನುತ್ತಿರುವಾಗ ಬೆರಳು ೧೩೦ ಎಂದರೆ, ಪಟ್ಟಿಯನ್ನು ಬಿಚ್ಚಿ ಐದು ಕೊಂಡಿಗಳನ್ನು ನೋಡಿರಿ. ಬೆರಳೂ ಪಟ್ಟಿಯೂ ಒಂದೇ ಮಾತು ಹೇಳಿ, ಆ ಮಾತು ವಿಚಿತ್ರವಾಗಿದ್ದರೆ, ಪಟ್ಟಿಯನ್ನು ದೂರದೆ ವೈದ್ಯರ ಬಾಗಿಲಿಗೆ ಹೋಗಿರಿ. ಪಟ್ಟಿ ರೋಗವನ್ನು ಹೆಸರಿಸಲಾರದು. ಅದು ವೈದ್ಯರ ಕೆಲಸ.

ಸಂಖ್ಯೆ ಸರಿಯಿದ್ದರೂ ಅದರ ಅರ್ಥವನ್ನು ತಪ್ಪಾಗಿ ತಿಳಿಯುವುದುಂಟು. ಪರದೆಯ ಮೇಲಿನ ಹಸಿರು, ಹಳದಿ, ಕೆಂಪು ಬಣ್ಣಗಳು ನಿಮ್ಮ ಪರಮಾವಧಿ ಬಡಿತದ ಇಷ್ಟಂಶವೆಂಬ ಲೆಕ್ಕದ ಮೇಲೆ ಮೂಡುತ್ತವೆ. ಆ ಪರಮಾವಧಿಯನ್ನು ಹೆಚ್ಚಾಗಿ ೨೨೦ರಿಂದ ವಯಸ್ಸನ್ನು ಕಳೆದು ಹಿಡಿಯುತ್ತಾರೆ. ೨೦೦೧ರಲ್ಲಿ ತನಾಕ ಮತ್ತು ಸಂಗಡಿಗರು ಪ್ರಕಟಿಸಿದ ಇನ್ನೊಂದು ಸೂತ್ರ, ೨೦೮ರಿಂದ ವಯಸ್ಸಿನ ಹತ್ತರಲ್ಲಿ ಏಳು ಪಾಲನ್ನು ಕಳೆಯಬೇಕೆನ್ನುತ್ತದೆ. ೪೦ ವರ್ಷದವರಿಗೆ ಎರಡೂ ೧೮೦ ಎಂದೇ ಹೇಳುತ್ತವೆ. ೬೦ ವರ್ಷದವರಿಗೆ ಒಂದು ೧೬೦, ಇನ್ನೊಂದು ೧೬೬. ಇವೆರಡೂ ಸರಾಸರಿಗಳು, ಆರೋಗ್ಯವಂತರಲ್ಲಿಯೂ ಹತ್ತು ಹನ್ನೆರಡರ ಹೆಚ್ಚುಕಡಮೆ ಸಾಮಾನ್ಯ. ಇನ್ನು, ತಂದೆಯ ವಯಸ್ಸು ನಮೂದಾದ ಪಟ್ಟಿಯನ್ನು ಮಗ ಕಟ್ಟಿಕೊಂಡರೆ ಬಣ್ಣವೆಲ್ಲ ತಪ್ಪು. ರಕ್ತದೊತ್ತಡಕ್ಕೆಂದು ಬೀಟಾ ಬ್ಲಾಕರ್ ಮಾತ್ರೆ ಸೇವಿಸುವವರ ಬಡಿತ ಎಷ್ಟು ದುಡಿದರೂ ಹೆಚ್ಚು ಏರುವುದಿಲ್ಲ. ಅಂಥವರು ಕೆಂಪು ಬಣ್ಣ ಬರಲೆಂದು ಹಟಹಿಡಿದು ಓಡಬಾರದು. ಎದೆಯಲ್ಲಿ ಪೇಸ್‌ಮೇಕರ್ ಇರಿಸಿಕೊಂಡವರು ವೈದ್ಯರನ್ನು ಕೇಳಿಯೇ ಪಟ್ಟಿ ಕಟ್ಟಬೇಕು. ಎಲ್ಲಕ್ಕಿಂತ ಮೇಲಾಗಿ, ಎದೆ ನೋವು, ತಲೆಸುತ್ತು, ಎಂದಿಲ್ಲದ ಉಬ್ಬಸ ಕಂಡಾಗ ಪರದೆ ಹಸಿರಾಗಿದ್ದರೂ ನಿಲ್ಲಿಸತಕ್ಕದ್ದು.

ಕೊನೆಯದಾಗಿ ಒಂದು ಸೂಚನೆ. ಹನ್ನೆರಡು ಪಟ್ಟಿಗಳಿಗೂ ಅಂಕಿ ಕೊಟ್ಟು, ಒಂದು ನೋಟುಪುಸ್ತಕವನ್ನು ಇಟ್ಟಿದ್ದೇವೆ. ತೊಳೆದ ದಿನ, ಬ್ಯಾಟರಿ ಬದಲಿಸಿದ ದಿನ, ಕಂಡ ತೊಡಕು, ಮಾಡಿದ ಉಪಾಯ ಇವನ್ನು ಅದರಲ್ಲಿ ಬರೆಯಬೇಕು. ಆ ಹೊಣೆಯನ್ನು ವಾರಕ್ಕೆ ಇಬ್ಬರಂತೆ ಮೇಲಿನ ತರಗತಿಗಳ ವಿದ್ಯಾರ್ಥಿಗಳೇ ಹೊರಬೇಕೆಂದು ನಮ್ಮ ಕೋರಿಕೆ. ಓಡಲು ಅಂಜುತ್ತಿದ್ದ ಆ ಬಾಲಿಕೆ ಮೊದಲ ವಾರಕ್ಕೆ ತಾನೇ ಹೆಸರು ಕೊಟ್ಟಿದ್ದಾಳೆ. ನಿನ್ನೆ ಸಂಜೆ ತೊಳೆದ ಪಟ್ಟಿಯನ್ನು ತೋಯಿಸಿ ಕಟ್ಟಿಕೊಂಡು ಮೈದಾನಕ್ಕೆ ಎರಡು ಸುತ್ತು ಬಂದಳು. ನಿಂತು, ತನ್ನ ಮಣಿಕಟ್ಟನ್ನು ತಾನೇ ಹಿಡಿದು ಎಣಿಸಿದಳು. ಪಟ್ಟಿ ೧೫೮ ಎಂದಿತು. ಅವಳ ಬೆರಳು ೧೫೬ ಎಂದಿತು. ಅವಳ ಮುಖದ ಮೇಲಿನ ಸಂತೋಷವನ್ನು ಕಂಡು, ಇಲ್ಲಿಗೆ ಬಂದುದು ಸಾರ್ಥಕವೆಂದು ನಮಗೆ ತೋರಿತು.